ದಂಡಿ ಮತ್ತು ಕೊಡ: ವೀಣೆಯಿಂದ ಗಿಟಾರಿನವರೆಗೆ

ತಂತಿವಾದ್ಯ ಯಾವುದೇ ಆಗಿರಲಿ, ಅದರಲ್ಲಿ ಮುಖ್ಯವಾದ ಅಂಗಗಳು ಎರಡು. ನಾದವನ್ನು ತುಂಬಿಕೊಂಡು ಹೊರಗೆ ಹರಡತಕ್ಕ ಪೊಳ್ಳಾದ ಒಡಲು ಒಂದು. ತಂತಿಗಳನ್ನು ಉದ್ದಕ್ಕೆ ಬಿಗಿದು ಹಿಡಿದು ಬೆರಳುಗಳ ಓಡಾಟಕ್ಕೆ ದಾರಿ ಮಾಡಿಕೊಡತಕ್ಕ ಕೊರಳು ಇನ್ನೊಂದು. ವೀಣೆಯಲ್ಲಿ ಒಡಲಿಗೆ ಕೊಡವೆಂದೂ ಕೊರಳಿಗೆ ದಂಡಿಯೆಂದೂ ಹೆಸರು. ಈ ಎರಡು ಅಂಗಗಳು ಒಂದನ್ನೊಂದು ಸೇರುವ ಸ್ಥಳವು ಅಂಗೈಯಗಲಕ್ಕಿಂತ ಹೆಚ್ಚಿನದಲ್ಲ. ಕಚೇರಿಯಲ್ಲಿ ಕುಳಿತು ಕೇಳುವವರ ಕಣ್ಣಿಗೆ ಅದು ಬೀಳುವುದೂ ಇಲ್ಲ. ಆದರೆ ವಾದ್ಯದ ಆಯುಸ್ಸು, ಅದರ ಶ್ರುತಿಶುದ್ಧಿ, ಅದನ್ನು ಕಲಿಯುವ ಮಗುವಿನ ಬೆರಳಿನ ಸುಖದುಃಖ, ಇವೆಲ್ಲವೂ ಆ ಒಂದು ಕೂಡಿಕೆಯನ್ನು ಅವಲಂಬಿಸಿಕೊಂಡಿವೆ. ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ವೀಣೆಯನ್ನೂ, ಈಚೆಗೆ ಅದಕ್ಕಿಂತ ಹೆಚ್ಚು ಮಂದಿ ಗಿಟಾರನ್ನೂ ಕಲಿಯಲು ಹೊರಟಿರುವುದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ವಿಚಾರಿಸೋಣ.

ಮೊದಲು ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಿರಿ. ಒಂದು ಮೊಳದುದ್ದದ ಬಿದಿರ ದೆಬ್ಬೆಯನ್ನು ತೆಗೆದುಕೊಂಡು ಅದರ ಎರಡು ತುದಿಗಳಿಗೂ ಹುರಿಯನ್ನು ಕಟ್ಟಿ ಬಿಗಿಯಿರಿ. ದೆಬ್ಬೆಯು ಬಾಗುತ್ತದೆ, ನಿಮ್ಮ ಕೈಯಲ್ಲಿ ಬಿಲ್ಲೊಂದು ಸಿದ್ಧವಾಗುತ್ತದೆ. ತಂತಿಗಳನ್ನು ಬಿಗಿದ ಪ್ರತಿಯೊಂದು ವಾದ್ಯವೂ ಹೀಗೆ ಬಿಲ್ಲಾಗಲು ಹವಣಿಸುತ್ತಲೇ ಇರುತ್ತದೆ. ಅದು ಬಿಲ್ಲಾಗದಂತೆ ತಡೆಯುವುದೇ ವಾದ್ಯ ಮಾಡುವವನ ಅರ್ಧ ವಿದ್ಯೆ. ಉಕ್ಕಿನ ಆರು ತಂತಿಗಳ ಗಿಟಾರಿನಲ್ಲಿ ಶ್ರುತಿ ಸೇರಿಸಿದ ಮೇಲೆ ಎಲ್ಲ ತಂತಿಗಳ ಎಳೆತವು ಒಟ್ಟಿಗೆ ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮವಾಗುತ್ತದೆ. ಎಂದರೆ, ಚೆನ್ನಾಗಿ ಬೆಳೆದ ಗಂಡಾಳೊಬ್ಬನು ಆ ಕೊರಳಿನ ತುದಿಯನ್ನು ಹಿಡಿದು ಹಗಲಿರುಳೂ ಜಗ್ಗುತ್ತಿದ್ದಂತೆ. ನೈಲಾನ್ ತಂತಿಯ ಗಿಟಾರಿನಲ್ಲಿ ಈ ಎಳೆತವು ಸುಮಾರಾಗಿ ಅದರ ಅರ್ಧದಷ್ಟು ಮಾತ್ರ. ಆಳು ಜಗ್ಗಿದರೆ ಕೊರಳು ಎಲ್ಲಿ ಸೋಲಬೇಕು? ಮರವು ಗಟ್ಟಿಯಾಗಿದ್ದರೆ ಅದು ನಡುವೆ ಮುರಿಯದು. ಎರಡು ಮರಗಳು ಕೂಡಿದ ಕಡೆಯೇ ಬಿಟ್ಟುಕೊಳ್ಳುವುದು.

ನಮ್ಮ ಕಡೆಯ ರೈತರ ಮಕ್ಕಳಿಗೆ ಈ ಸಂಗತಿ ಹೊಸದಲ್ಲ. ಹೊಸೂರು, ತಳಿ, ಕೆಲಮಂಗಲಗಳ ಸುತ್ತ ಮರದ ನೇಗಿಲು ಈಗ ಅಪರೂಪವಾಗಿದ್ದರೂ ಅಜ್ಜಂದಿರ ಮನೆಯ ಅಟ್ಟದ ಮೇಲೆ ಇನ್ನೂ ಸಿಕ್ಕೀತು. ನೇಗಿಲಿನ ಬುಡಕ್ಕೆ ಈಸನ್ನು ಹೇಗೆ ಸೇರಿಸಿದ್ದಾರೆಂಬುದನ್ನು ನೋಡಿರಿ. ಬುಡದಲ್ಲಿ ತೂತು ಕೊರೆದು, ಈಸಿನ ತುದಿಯನ್ನು ಅದರೊಳಗೆ ತೂರಿಸಿ, ಮೇಲೆ ಬೆಣೆ ಬಡಿದಿರುತ್ತಾರೆ. ಎತ್ತುಗಳು ಎಷ್ಟು ಎಳೆದರೂ ಬೆಣೆ ಬಿಗಿಯಾಗುವುದೇ ಹೊರತು ಸಡಿಲವಾಗದು. ಗುದ್ದಲಿಗೆ ಕಾವು ಹಾಕುವುದೂ ಇದೇ ನ್ಯಾಯದಿಂದ. ಎಳೆತವನ್ನು ಎಳೆತದಿಂದಲೇ ಗೆಲ್ಲುವ ಈ ಉಪಾಯವನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಗಿಟಾರಿನ ಪ್ರಸಂಗದಲ್ಲಿ ಅದು ಪುನಃ ಎದುರಾಗುತ್ತದೆ.

ಈಗ ವೀಣೆಗೆ ಬರೋಣ. ವೀಣೆಯ ಕೊಡ, ದಂಡಿ, ತುದಿಯ ಯಾಳಿಮುಖ, ಈ ಮೂರೂ ಒಂದೇ ಮರದ ದಿಮ್ಮಿಯಿಂದ ಕಡೆದು ಬಂದಿದ್ದರೆ ಅದನ್ನು ಏಕಾಂಡ ವೀಣೆಯೆಂದು ಕರೆಯುತ್ತಾರೆ. ಬೇರೆಬೇರೆಯಾಗಿ ಮಾಡಿ ಸೇರಿಸಿದ್ದಾದರೆ ಅದು ಒಟ್ಟು ವೀಣೆ. ತಂಜಾವೂರಿನಲ್ಲಾಗಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಾಗಲಿ ವೀಣೆ ಮಾಡುವವರು ಬಹುವಾಗಿ ನೆಚ್ಚುವುದು ಹಲಸಿನ ಮರವನ್ನು. ಮೈಸೂರಿನಲ್ಲಿ ಬೀಟೆಯ ಮರಕ್ಕೂ ಮನ್ನಣೆಯುಂಟು. ಹಲಸು ಹಗುರ, ಬಾಚಿಗೂ ಉಳಿಗೂ ಒದಗುತ್ತದೆ, ಗೆದ್ದಲಿಗೆ ಸುಲಭವಾಗಿ ತುತ್ತಾಗದು, ತಟ್ಟಿದರೆ ಚೆನ್ನಾಗಿ ದನಿಗೊಡುತ್ತದೆ. ಕೊಯ್ದಾಗ ಅರಿಸಿನದಂತಿದ್ದು ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೂ ಅಲ್ಲಿಂದ ಕಂದು ಬಣ್ಣಕ್ಕೂ ತಿರುಗುತ್ತದೆ. ತಂಜಾವೂರಿನವರಿಗೆ ಹಲಸಿನ ದಿಮ್ಮಿ ಬರುವುದು ಹೆಚ್ಚಾಗಿ ಪಣ್ರುಟಿಯ ಕಡೆಯಿಂದ. ನಮ್ಮ ಕೃಷ್ಣಗಿರಿ ಜಿಲ್ಲೆ ಮಾವಿಗೆ ಹೆಸರಾದುದು. ಮಾವಿನ ಮರದಿಂದ ಪೆಟ್ಟಿಗೆಯಾದೀತೇ ಹೊರತು ಒಳ್ಳೆಯ ವೀಣೆಯಾಗದು! ತಂಜಾವೂರು ವೀಣೆಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತೆಂಬುದನ್ನು ಇಲ್ಲಿಯೇ ಹೇಳಬಹುದು.

ಏಕಾಂಡ ವೀಣೆಗೆ ಬೆಲೆ ಹೆಚ್ಚು, ಗೌರವವೂ ಹೆಚ್ಚು. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಮರದ ಸ್ವಭಾವವನ್ನು ಅರಿಯಬೇಕು. ಮರವೆಂಬುದು ಉದ್ದುದ್ದನೆಯ ನಾರುಗಳ ಕಟ್ಟು. ಹುಲ್ಲಿನ ಹೊರೆಯನ್ನು ನೆನೆದುಕೊಳ್ಳಿರಿ. ಹೊರೆಯ ಎರಡು ತುದಿಗಳನ್ನು ಹಿಡಿದು ಎಳೆದರೆ ಹುಲ್ಲು ಕಡಿಯುವುದು ಕಷ್ಟ. ಅಡ್ಡಲಾಗಿ ಸೀಳುವುದು ಸುಲಭ. ಒಂದೇ ದಿಮ್ಮಿಯಲ್ಲಿ ಕಡೆದ ವೀಣೆಯಲ್ಲಿ ದಂಡಿಯ ನಾರುಗಳು ತುಂಡಾಗದೆ ನೇರವಾಗಿ ಕೊಡದೊಳಕ್ಕೆ ಇಳಿಯುತ್ತವೆ. ಕೂಡಿಕೆಯೇ ಇಲ್ಲದ ಮೇಲೆ ಕೂಡಿಕೆ ಬಿಡುವ ಭಯವೆಲ್ಲಿ? ಆದರೆ ಅಂಥ ವೀಣೆಗೆ ಸುಮಾರು ನಾಲ್ಕು ಅಡಿಗೂ ಮಿಕ್ಕ ಉದ್ದವೂ, ಕೊಡದ ಅಗಲಕ್ಕೆ ಸಾಲುವಷ್ಟು ದಪ್ಪವೂ ಇದ್ದು, ಗಂಟು ಬಿರುಕುಗಳಿಲ್ಲದ ದಿಮ್ಮಿ ಬೇಕು. ಅದರಲ್ಲಿ ದಂಡಿಯ ಎರಡು ಪಕ್ಕದ ಮರವೆಲ್ಲ ಚಕ್ಕೆಯಾಗಿ ಹಾರಿಹೋಗುತ್ತದೆ. ವರ್ಷಗಟ್ಟಲೆ ಬೆಳೆದ ಹಲಸಿನಲ್ಲಿ ಬಹುಪಾಲು ಒಲೆಗೆ ಹೋಗಿ ಸ್ವಲ್ಪ ಭಾಗ ಮಾತ್ರ ವೀಣೆಯಾಗಿ ಉಳಿಯುವುದು. ಇಷ್ಟಾದರೂ ಕಡೆಯುತ್ತಿರುವಾಗ ನಡುವೆ ಒಂದು ಬಿರುಕು ಕಾಣಿಸಿಕೊಂಡರೆ ತಿಂಗಳ ಕೆಲಸವೇ ವ್ಯರ್ಥ. ಹೀಗಾಗಿ ಮನೆಮನೆಗಳಲ್ಲಿ ಕಾಣಬರುವುದು ಒಟ್ಟು ವೀಣೆಯೇ.

ಒಟ್ಟು ವೀಣೆಯಲ್ಲಿ ಕೊಡವನ್ನು ಬೇರೆಯಾಗಿ ತೋಡುತ್ತಾರೆ. ದಂಡಿಯನ್ನೂ ಒಳಗೆ ದೋಣಿಯಂತೆ ತೋಡಿ ಪೊಳ್ಳು ಮಾಡಿ ಮೇಲೆ ಹಲಗೆ ಮುಚ್ಚುತ್ತಾರೆ. ದಂಡಿಯು ಪೊಳ್ಳಾದಷ್ಟೂ ವಾದ್ಯ ಹಗುರವಾಗುತ್ತದೆ. ಆದರೆ ಸೇರಿಸುವುದಕ್ಕೆ ಸಿಕ್ಕುವ ಮರವೂ ಕಡಿಮೆಯಾಗುತ್ತದೆ. ಇಲ್ಲಿ ಬಡಗಿಯ ಕೈಚಳಕ ಬೇಕು. ಮರದ ಅಡ್ಡ ಕೊಯ್ದ ಮುಖಕ್ಕೆ ಅಂಟು ಸರಿಯಾಗಿ ಹಿಡಿಯದು. ನಾರುಗಳ ಬಾಯಿ ತೆರೆದಿರುವುದರಿಂದ ಅದು ಅಂಟನ್ನು ಹೀರಿಬಿಡುತ್ತದೆ. ನಾರಿನ ಉದ್ದಕ್ಕೆ ಕೊಯ್ದ ಮುಖಗಳು ಒಂದನ್ನೊಂದು ತಬ್ಬಿದರೆ ಮಾತ್ರ ಅಂಟು ಗಟ್ಟಿ. ಆದುದರಿಂದ ದಂಡಿಯ ತುದಿಯನ್ನು ಕೊಡದ ಬಾಯಿಗೆ ಒತ್ತಿ ಅಂಟಿಸಿದರೆ ಸಾಲದು. ತುದಿಯಲ್ಲಿ ನಾಲಿಗೆಯನ್ನು ತೆಗೆದು, ಕೊಡದ ಕಡೆ ಅದಕ್ಕೆ ತಕ್ಕ ಗಾಡಿಯನ್ನು ಕೊರೆದು, ಪಕ್ಕದ ಮುಖಗಳು ಪರಸ್ಪರ ಹೊಂದಿಕೊಳ್ಳುವಂತೆ ಕೂಡಿಸಬೇಕು. ಕೂಡಿಕೆಯ ಗೆರೆಯನ್ನು ಮರೆಮಾಡುವುದಕ್ಕೆ ಅಲಂಕಾರದ ಪಟ್ಟಿ ಬರುತ್ತದೆ. ಹಿಂದೆ ಅದು ದಂತದ್ದೋ ಜಿಂಕೆಯ ಕೊಂಬಿನದೋ ಆಗಿರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ ಮುಂದೆ ಆದ ತಿದ್ದುಪಡಿಗಳೂ ಬಂದ ಮೇಲೆ ದಂತ ನಿಂತುಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಆನೆಗಳು ಓಡಾಡುವ ಕಾಡಿನ ಅಂಚಿನಲ್ಲೇ ಇರುವ ತಳಿ, ದೆಂಕಣಿಕೋಟೆಗಳ ನಾವು ಈ ಬದಲಾವಣೆಯನ್ನು ಮೆಚ್ಚತಕ್ಕದ್ದೇ ಸರಿ.

ವೀಣೆಯ ತಂತಿಗಳು ಏಳು. ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ಗಿಟಾರಿನಲ್ಲಿ ಎಳೆತವು ಹೆಚ್ಚುಕಡಿಮೆ ಸ್ಥಿರವಾಗಿದ್ದರೆ ವೀಣೆಯಲ್ಲಿ ಹಾಗಲ್ಲ. ನಮ್ಮ ಸಂಗೀತದ ಪ್ರಾಣವಾದ ಗಮಕವನ್ನು ನುಡಿಸುವಾಗ ತಂತಿಯನ್ನು ಮೆಟ್ಟಿಲಿನ ಮೇಲೆಯೇ ಪಕ್ಕಕ್ಕೆ ಎಳೆಯುತ್ತಾರೆ. ಮೇಲಿನ ತರಗತಿಯವರು ಓದಿದ ಒಂದು ನಿಯಮವನ್ನು ಇಲ್ಲಿ ಜ್ಞಾಪಿಸಿಕೊಳ್ಳಲಿ: ತಂತಿಯ ಕಂಪನಸಂಖ್ಯೆಯು ಅದರ ಎಳೆತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಷಡ್ಜದಿಂದ ಅಂತರ ಗಾಂಧಾರಕ್ಕೆ ಕಂಪನಸಂಖ್ಯೆಯ ಪ್ರಮಾಣ 4ಕ್ಕೆ 5. ಹಾಗಾದರೆ ಷಡ್ಜದ ಮೆಟ್ಟಿಲಿನಲ್ಲಿಯೇ ತಂತಿಯನ್ನೆಳೆದು ಗಾಂಧಾರವನ್ನು ನುಡಿಸಬೇಕಾದರೆ ಎಳೆತವು 16ಕ್ಕೆ 25ರ ಪ್ರಮಾಣದಲ್ಲಿ ಏರಬೇಕು. ಎಂದರೆ ಆ ತಂತಿಯ ಎಳೆತವು ಆ ಕ್ಷಣದಲ್ಲಿ ಒಂದೂವರೆಗೂ ಮಿಕ್ಕಿದಷ್ಟು! ಬೆರಳು ಹಿಂದಕ್ಕೆ ಬಂದೊಡನೆ ಅದು ಇಳಿಯುತ್ತದೆ. ಒಂದು ಆಲಾಪನೆಯಲ್ಲಿ ಹೀಗೆ ಏರಿಳಿಯುವುದು ನೂರಾರು ಸಲ. ದಂಡಿಯ ಬುಡದ ಕೂಡಿಕೆಗೆ ಇದೊಂದು ನಿತ್ಯದ ಪರೀಕ್ಷೆ. ವೀಣೆ ಶೇಷಣ್ಣನವರ (1852–1926) ಪರಂಪರೆಯ ಮೈಸೂರು ಬಾಣಿಯಲ್ಲಿ, ಅವರ ಶಿಷ್ಯರಾದ ವೆಂಕಟಗಿರಿಯಪ್ಪನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೂ, ತಂತಿಯನ್ನು ಬಹಳವಾಗಿ ಎಳೆಯುವುದಕ್ಕಿಂತ ಮೆಟ್ಟಿಲುಗಳ ಮೇಲೆ ಬಿಡಿಬಿಡಿಯಾಗಿ ಸ್ವರಗಳನ್ನು ಮೀಟುವುದೇ ಹೆಚ್ಚು. ತಂಜಾವೂರು ಬಾಣಿಯಲ್ಲಿ ಎಳೆತವು ಹೆಚ್ಚು. ವಾದ್ಯದ ಬಾಳಿಕೆಯ ದೃಷ್ಟಿಯಿಂದ ಮೈಸೂರಿನವರ ವೀಣೆ ಸುಖವಾಗಿರುತ್ತದೆಂದು ನಾನು ವಿನೋದಕ್ಕೆ ಹೇಳುವುದುಂಟು. ಸಂಗೀತದ ಅಧ್ಯಾಪಿಕೆಯವರು ಒಪ್ಪುವುದಿಲ್ಲ.

ದಂಡಿಯೆಂಬ ಮಾತು ಬಂದಾಗ ‘ಚತುರ್ದಂಡಿ ಪ್ರಕಾಶಿಕೆ’ಯೆಂಬ ಗ್ರಂಥವು ನಾಲ್ಕು ದಂಡಿಗಳ ವೀಣೆಯನ್ನು ಕುರಿತದ್ದೆಂದು ಹುಡುಗರು ಊಹಿಸುವುದುಂಟು. ವೆಂಕಟಮಖಿಯ ಆ ಗ್ರಂಥದಲ್ಲಿ ದಂಡಿಗಳೆಂದರೆ ಗೀತ, ಪ್ರಬಂಧ, ಠಾಯ, ಆಲಾಪಗಳೆಂಬ ನಾಲ್ಕು ಸಂಗೀತಪ್ರಕಾರಗಳು. ಮರದ ದಂಡಿಗೂ ಅವಕ್ಕೂ ಸಂಬಂಧವಿಲ್ಲ.

ಕೂಡಿಕೆ ಬಿಟ್ಟುಕೊಂಡರೆ ಮಾಡತಕ್ಕದ್ದೇನು? ನಮ್ಮ ಶಾಲೆಯ ಸಂಗೀತದ ಕೊಠಡಿಯಲ್ಲಿ ದಾನವಾಗಿ ಬಂದ ಹಳೆಯ ಒಟ್ಟು ವೀಣೆಯೊಂದಿದೆ. ಒಂದು ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಅದರ ದಂಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ತಿಂಗಳೆರಡರಲ್ಲಿ ಅಂಚೆಯ ಕಾರ್ಡು ತೂರುವಷ್ಟಾಯಿತು. ಎರಡು ಮೊಳೆ ಹೊಡೆದರೆ ಸರಿಹೋದೀತೆಂದು ಕೆಲವರ ಅಭಿಪ್ರಾಯ. ಹೊಸತನ್ನೇ ಕೊಳ್ಳೋಣವೆಂದು ಇನ್ನು ಕೆಲವರದು. ಸಂಘದ ಹಣವಾದುದರಿಂದ ಯೋಚಿಸಬೇಕಾಯಿತು. ತಳಿಯ ಕಡೆಯ ವೃದ್ಧ ಬಡಗಿಯೊಬ್ಬರನ್ನು ಕರೆಸಿದೆವು. ಅವರು ಬಿರುಕಿನ ಬಾಯಿಗೆ ಬಾಯಿಟ್ಟು ಊದಿ ನೋಡಿ, “ಮೇಷ್ಟ್ರೇ, ಮೊಳೆ ಅಂದರೆ ಮರಕ್ಕೆ ಹುಣ್ಣು. ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಸುತ್ತಲಿನ ಮರಾನೂ ತಿನ್ನುತ್ತೆ. ಇದು ಅಂಟು ಬಿಟ್ಟಿರೋದು, ಮರ ಬಿಟ್ಟಿರೋದಲ್ಲ. ಬಿಚ್ಚಿದರೆ ಬಿಚ್ಚುತ್ತೆ, ಕೂಡಿಸಿದರೆ ಕೂಡುತ್ತೆ” ಎಂದರು. ಆಮೇಲೆ ತಂತಿಗಳನ್ನೆಲ್ಲ ಇಳಿಸಿ, ಬಿಸಿನೀರಿನ ಬಟ್ಟೆಯಿಟ್ಟು ಹಳೆಯ ಅಂಟನ್ನು ಮೆತ್ತಗೆ ಮಾಡಿ, ದಂಡಿಯನ್ನು ಅಲುಗಾಡಿಸಿ ಹೊರತೆಗೆದರು. ನಾಲಿಗೆಯನ್ನೂ ಗಾಡಿಯನ್ನೂ ಕೆರೆದು ಶುದ್ಧಮಾಡಿ, ಸವೆದ ಕಡೆ ಹಲಸಿನ ತೆಳುಚಕ್ಕೆಯನ್ನು ಕೊಟ್ಟು, ಮರವಜ್ರವನ್ನು ಕಾಯಿಸಿ ಹಚ್ಚಿ, ಹಗ್ಗದಿಂದ ಸುತ್ತಿ ಬಿಗಿದು ನಾಲ್ಕು ದಿನ ಮುಟ್ಟಗೊಡಲಿಲ್ಲ. ಇದಾದ ಮೇಲೆ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳನ್ನು ಪುನಃ ಶ್ರುತಿಗೆ ತಕ್ಕಂತೆ ಇಡಿಸಬೇಕಾಯಿತು. ಅದು ಬೇರೊಬ್ಬರ ಕೆಲಸ. ಒಟ್ಟು ಖರ್ಚು ಹೊಸ ವೀಣೆಯ ಬೆಲೆಯ ಸಣ್ಣ ಪಾಲು. ಇಂದಿಗೂ ಮಕ್ಕಳು ಅದರ ಮೇಲೆಯೇ ಸರಳೆ ವರಸೆಯನ್ನು ನುಡಿಸುತ್ತಿದ್ದಾರೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪ್ರಾಣಿಗಳ ಚರ್ಮದಿಂದ ತೆಗೆದ ಈ ಮರವಜ್ರವು ಬಿಸಿಗೂ ತೇವಕ್ಕೂ ಸೋಲುತ್ತದೆ. ಅಂಟಿಗೆ ಅದು ದೋಷವೆನಿಸಬಹುದು. ವಾದ್ಯಕ್ಕೆ ಮಾತ್ರ ಅದೇ ಗುಣ. ಏಕೆಂದರೆ ಮರವನ್ನು ಕೆಡಿಸದೆ ಬಿಚ್ಚಬಹುದು. ಪೇಟೆಯಲ್ಲಿ ಸಿಕ್ಕುವ ಅತಿ ಗಟ್ಟಿಯಾದ ಅಂಟುಗಳಿಂದ ಕೂಡಿಸಿದರೆ ಮುಂದಿನ ಸಲ ಅಂಟು ಬಿಡದೆ ಮರವೇ ಸೀಳುತ್ತದೆ.

ಉತ್ತರಾದಿಯ ತಂಬೂರಿ ಮತ್ತು ಸಿತಾರುಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಒಡಲು ಮರದ್ದಲ್ಲ, ಒಣಗಿದ ಸೋರೆಬುರುಡೆ. ಬೆಳಗಾವಿಯಿಂದ ಹೆಚ್ಚು ದೂರವಿಲ್ಲದ ಮಿರಜಿನಲ್ಲಿ ಈ ವಾದ್ಯಗಳನ್ನು ಮಾಡುವ ಮನೆತನಗಳಿವೆ. ಅಲ್ಲಿಯ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಬುರುಡೆಯ ಸಿಪ್ಪೆ ತೆಳುವಾದುದು. ಅದಕ್ಕೆ ನೇರವಾಗಿ ಮರದ ಕೊರಳನ್ನು ಸೇರಿಸಿದರೆ ನಿಲ್ಲದು. ಆದುದರಿಂದ ಬುರುಡೆಗೂ ಕೊರಳಿಗೂ ನಡುವೆ ‘ಗುಲು’ ಎಂಬ ಮರದ ತುಂಡನ್ನು ಇಡುತ್ತಾರೆ. ಅದು ಒಂದು ಕಡೆ ಬುರುಡೆಯ ಗುಂಡನೆಯ ಅಂಚನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಕಡೆ ಕೊರಳನ್ನು. ಸಿತಾರು ಕೈತಪ್ಪಿ ಬಿದ್ದರೆ ಬಹುತೇಕ ಮುರಿಯುವುದು ಈ ಗುಲುವಿನ ಬಳಿಯಲ್ಲಿಯೇ.

ಪಿಟೀಲಿನ ಚರಿತ್ರೆಯೂ ಬೋಧಪ್ರದವಾಗಿದೆ. ನಮ್ಮ ಸಂಗೀತಕ್ಕೆ ಈ ವಾದ್ಯವನ್ನು ತಂದವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮೊದಲಿಗರು. ಇಟಲಿಯ ಮಹಾಶಿಲ್ಪಿ ಸ್ಟ್ರಾಡಿವಾರಿಯ (ಮರಣ 1737) ಕಾಲದಲ್ಲಿ ಪಿಟೀಲಿನ ಕೊರಳನ್ನು ಒಡಲಿನ ಒಳಗಡೆಯಿಂದ ಕಬ್ಬಿಣದ ಮೊಳೆ ಹೊಡೆದು ನಿಲ್ಲಿಸುತ್ತಿದ್ದರು. ನಮ್ಮ ತಳಿಯ ಬಡಗಿ ಒಪ್ಪದ ಮೊಳೆಯನ್ನೇ ಲೋಕೋತ್ತರ ಶಿಲ್ಪಿಗಳು ಬಳಸಿದ್ದರು ನೋಡಿರಿ! ಮುಂದೆ ಸಭಾಂಗಣಗಳು ದೊಡ್ಡವಾದುವು, ಶ್ರುತಿ ಏರಿತು, ತಂತಿಯ ಎಳೆತವೂ ಏರಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆ ಹಳೆಯ ಕೊರಳುಗಳನ್ನು ತೆಗೆದುಹಾಕಿ, ಒಡಲಿನ ಮೇಲಿನ ದಿಮ್ಮೆಯಲ್ಲಿ ಗಾಡಿ ಕೊರೆದು, ಕೊಂಚ ಹಿಂದಕ್ಕೆ ಓರೆಯಾಗಿ ಹೊಸ ಕೊರಳನ್ನು ಕೂಡಿಸುವ ಪದ್ಧತಿ ಬಂದಿತು. ಇಂದು ಬಳಕೆಯಲ್ಲಿರುವ ಸ್ಟ್ರಾಡಿವಾರಿ ಪಿಟೀಲುಗಳಲ್ಲಿ ಮೊದಲಿನ ಕೊರಳನ್ನೇ ಉಳಿಸಿಕೊಂಡವು ಅತಿ ವಿರಳ. ನಮ್ಮ ಮೈಸೂರು ಚೌಡಯ್ಯನವರು (1895–1967) ಧ್ವನಿವರ್ಧಕಗಳು ಸರಿಯಾಗಿಲ್ಲದ ಕಾಲದಲ್ಲಿ ನಾದವು ದೂರಕ್ಕೆ ಕೇಳಲೆಂದು ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ನಾಲ್ಕು ತಂತಿಗೆ ಹೇಳಿದ ಕೊರಳು ಏಳರ ಭಾರವನ್ನು ಹೊರಬೇಕಾಯಿತೆಂಬುದನ್ನು ಎಣಿಸಿದರೆ, ಒಂದು ಕಡೆಯ ಲಾಭಕ್ಕೆ ಇನ್ನೊಂದು ಕಡೆ ಬೆಲೆ ತೆರಬೇಕೆಂಬುದು ವಿಶದವಾಗುತ್ತದೆ.

ಗಿಟಾರಿನಲ್ಲಿ ಕೊರಳನ್ನು ಕೂಡಿಸುವ ವಿಧಾನಗಳು ಹಲವು. ಸ್ಪೇನ್ ದೇಶದವರ ಸಾಂಪ್ರದಾಯಿಕ ಕ್ರಮದಲ್ಲಿ ಕೊರಳನ್ನೇ ಮೊದಲು ಮಾಡುತ್ತಾರೆ. ಅದರ ಬುಡದ ಹಿಮ್ಮಡಿಯಲ್ಲಿ ಎರಡು ಸೀಳುಗಳನ್ನು ಕೊಯ್ದು, ಒಡಲಿನ ಪಕ್ಕದ ಬಾಗಿದ ಹಲಗೆಗಳ ತುದಿಗಳನ್ನು ಅದರೊಳಗೆ ಇಳಿಸಿ, ಕೊರಳಿನ ಸುತ್ತ ಒಡಲನ್ನು ಕಟ್ಟಿಕೊಂಡು ಹೋಗುತ್ತಾರೆ. ಈಗಿನ ಸ್ಪೇನ್ ಗಿಟಾರಿಗೆ ರೂಪ ಕೊಟ್ಟ ಆಂಟೋನಿಯೊ ಡಿ ಟೊರೆಸ್ (1817–1892) ನಡೆದದ್ದೂ ಇದೇ ದಾರಿಯಲ್ಲಿ. ಬಲು ಗಟ್ಟಿಯಾದ ಕೂಡಿಕೆ. ಆದರೆ ಒಡಲನ್ನು ಕೆಡವದೆ ಕೊರಳನ್ನು ಬಿಚ್ಚುವಂತಿಲ್ಲ. ಭಾವದಲ್ಲಿ ಇದು ನಮ್ಮ ಏಕಾಂಡ ವೀಣೆಗೆ ಹತ್ತಿರ.

ಜರ್ಮನಿಯಿಂದ 1833ರಲ್ಲಿ ಅಮೆರಿಕೆಗೆ ಹೋಗಿ ನೆಲಸಿದ ಮಾರ್ಟಿನ್ ಎಂಬ ಶಿಲ್ಪಿಯ ಮನೆತನದವರು ಪ್ರಚಾರಕ್ಕೆ ತಂದ ಕ್ರಮವು ಬೇರೆ. ಅಲ್ಲಿ ಕೊರಳನ್ನೂ ಒಡಲನ್ನೂ ಬೇರೆಬೇರೆಯಾಗಿ ಮುಗಿಸಿ, ಕೊರಳಿನ ಬುಡದಲ್ಲಿ ಪಾರಿವಾಳದ ಬಾಲದಂತೆ ತುದಿಗೆ ಅಗಲವಾಗುವ ನಾಲಿಗೆಯನ್ನು ತೆಗೆದು, ಒಡಲಿನ ಅಂಥದೇ ಗಾಡಿಯೊಳಕ್ಕೆ ಮೇಲಿನಿಂದ ಇಳಿಸುತ್ತಾರೆ. ನಾಲಿಗೆಯು ಕೆಳಕ್ಕೆ ಹೋದಂತೆ ಕಿರಿದಾಗಿರುವುದರಿಂದ ಇಳಿಸಿದಷ್ಟೂ ಬಿಗಿಯಾಗುತ್ತದೆ; ತುದಿ ಅಗಲವಾಗಿರುವುದರಿಂದ ಮುಂದಕ್ಕೆ ಎಳೆದರೆ ಬಾರದು. ನೇಗಿಲಿನ ಬೆಣೆಯ ನ್ಯಾಯವೇ ಇದು. ಮರವಜ್ರದಿಂದ ಅಂಟಿಸಿದ ಇಂಥ ಕೊರಳನ್ನು ಬಿಚ್ಚಬೇಕಾದಾಗ ಗಾಡಿಯೊಳಕ್ಕೆ ಬಿಸಿಯಾವಿಯನ್ನು ಹಾಯಿಸುತ್ತಾರೆ.

ಮೂರನೆಯದು ತಿರುಪಿನ ಕ್ರಮ. ಅಮೆರಿಕೆಯ ಲಿಯೊ ಫೆಂಡರ್ ಎಂಬಾತನು ರೇಡಿಯೊ ರಿಪೇರಿಯವನು, ಗಿಟಾರು ಮಾಡುವ ಮನೆತನದವನಲ್ಲ. 1950ರಲ್ಲಿ ಅವನು ಹೊರತಂದ ವಿದ್ಯುತ್ ಗಿಟಾರಿನಲ್ಲಿ ಒಡಲಿನಲ್ಲಿ ಒಂದು ಚೌಕನೆಯ ಗುಳಿ. ಅದರಲ್ಲಿ ಕೊರಳಿನ ಬುಡವನ್ನು ಕೂರಿಸಿ ಹಿಂದಿನಿಂದ ನಾಲ್ಕು ತಿರುಪುಗಳನ್ನು ಹಾಕಿದರೆ ಕೆಲಸ ಮುಗಿಯಿತು. ಅಂಟೂ ಇಲ್ಲ, ಪಾರಿವಾಳದ ಬಾಲವೂ ಇಲ್ಲ. ಕೊರಳು ಕೆಟ್ಟರೆ ತಿರುಪು ಬಿಚ್ಚಿ ಬೇರೊಂದನ್ನು ಹಾಕಬಹುದು. ಕುಶಲಿಗಳಾದ ಶಿಲ್ಪಿಗಳು ಇದನ್ನು ನೋಡಿ ಮೂಗು ಮುರಿದರಂತೆ. ಆದರೆ ಲೋಕದಲ್ಲಿ ಹೆಚ್ಚಾಗಿ ಹರಡಿದ ಕ್ರಮಗಳಲ್ಲಿ ಇದೂ ಒಂದಾಯಿತು. ವಿಮಾನದಲ್ಲಿ ಕೊಂಡೊಯ್ಯಲು ಅನುಕೂಲವಾಗುವಂತೆ ದಂಡಿಯನ್ನು ಬಿಚ್ಚಿ ಜೋಡಿಸಬಹುದಾದ ವೀಣೆಗಳನ್ನು ಈಗ ಮಾಡುತ್ತಿರುವುದೂ ಇದೇ ಯುಕ್ತಿಯಿಂದ. ಇವಲ್ಲದೆ ಕೊರಳಿನ ಮರವೇ ಒಡಲಿನ ನಡುವೆ ಕೊನೆಯವರೆಗೂ ಹಾದುಹೋಗಿ ಎರಡು ಪಕ್ಕಗಳಿಗೆ ರೆಕ್ಕೆಗಳನ್ನು ಅಂಟಿಸುವ ಕ್ರಮವೂ ಉಂಟು.

ಯಾವ ಕ್ರಮದಲ್ಲಿ ನಾದ ಉತ್ತಮವೆಂಬ ವಾದವು ಮುಗಿಯದ ವಾದ. ಅಂಟಿಸಿದ್ದರಲ್ಲಿ ನಾದವು ಹೆಚ್ಚು ಹೊತ್ತು ನಿಲ್ಲುತ್ತದೆಂದು ಒಂದು ಪಕ್ಷ. ತಿರುಪು ಹಾಕಿದ್ದರಲ್ಲಿ ನಾದವು ಚುರುಕೆಂದು ಇನ್ನೊಂದು ಪಕ್ಷ. ಎರಡು ಮರಗಳು ಸಂದಿಲ್ಲದೆ ಕೂಡಿದ್ದರೆ ಯಾವ ಕ್ರಮವಾದರೂ ಚೆನ್ನು, ಸಂದಿದ್ದರೆ ಯಾವುದೂ ಚೆನ್ನಲ್ಲವೆಂಬುದೇ ನನಗೆ ಯುಕ್ತವಾಗಿ ತೋರುತ್ತದೆ. ನಾದಕ್ಕಿಂತ ಹೆಚ್ಚಾಗಿ ಪರಿಶೀಲಿಸತಕ್ಕದ್ದು ಕೋನವನ್ನು.

ವಿದ್ಯಾರ್ಥಿಗಳು ಪುಸ್ತಕದಲ್ಲಿ ಈ ಚಿತ್ರವನ್ನು ಬರೆದುಕೊಳ್ಳಲಿ. ತಲೆಯ ಬಳಿಯ ಕಟ್ಟಿನಿಂದ ಕುದುರೆಯವರೆಗೆ ತಂತಿಯ ಉದ್ದ 65 ಸೆಂಟಿಮೀಟರ್. ಕೊರಳು ಒಡಲನ್ನು ಸೇರುವುದು 14ನೆಯ ಮೆಟ್ಟಿಲಿನ ಬಳಿ, ಕಟ್ಟಿನಿಂದ ಸುಮಾರು 36 ಸೆಂಟಿಮೀಟರ್ ದೂರದಲ್ಲಿ. ಅಲ್ಲಿ ಕೂಡಿಕೆಯು ಅರ್ಧ ಡಿಗ್ರಿಯಷ್ಟು ಬಿಟ್ಟುಕೊಂಡು ಕೊರಳು ಮೇಲಕ್ಕೆದ್ದಿತೆನ್ನೋಣ. ಅರ್ಧ ಡಿಗ್ರಿ ಕಣ್ಣಿಗೆ ಕಾಣದು. ಆದರೆ 36 ಸೆಂಟಿಮೀಟರ್ ದೂರದ ತುದಿಯು 3 ಮಿಲಿಮೀಟರ್ ಮೇಲೇಳುತ್ತದೆ. 12ನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುವುದು. ಸಮರೂಪ ತ್ರಿಕೋನಗಳ ಪ್ರಮೇಯದಂತೆ ಅಲ್ಲಿ ತಂತಿಯು ಒಂದೂವರೆ ಮಿಲಿಮೀಟರಿನಷ್ಟು ಏರುತ್ತದೆ. ಅಲ್ಲಿಯ ಕೊರಳಾದರೋ ಕೂಡಿಕೆಗೆ ಹತ್ತಿರವಿರುವುದರಿಂದ ಏರುವುದು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗ ಮಾತ್ರ. ಹಾಗಾಗಿ ತಂತಿಗೂ ಮೆಟ್ಟಿಲಿಗೂ ನಡುವಣ ಅಂತರವು ಒಂದು ಮಿಲಿಮೀಟರಿಗಿಂತ ಹೆಚ್ಚಾಗಿ ಬೆಳೆಯುತ್ತದೆ. ಎರಡು, ಎರಡೂವರೆ ಮಿಲಿಮೀಟರ್ ಇರಬೇಕಾದ ಕಡೆ ಮೂರೂವರೆ!

ಇದರ ಪರಿಣಾಮ ಬೀಳುವುದು ಮಗುವಿನ ಬೆರಳಿನ ಮೇಲೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆಸಕ್ತಿಯಿಂದ ಆರಂಭಿಸಿದ ಗಿಟಾರಿನ ಅಭ್ಯಾಸವನ್ನು ಆರು ತಿಂಗಳಲ್ಲಿ ಬಿಟ್ಟಳು. ಬೆರಳು ನೋಯುತ್ತದೆಂದಳು, ಸ್ವರವೂ ಸೇರುತ್ತಿರಲಿಲ್ಲ. ತಾಯಿ ನನ್ನಲ್ಲಿಗೆ ಬಂದು, “ಇವಳಿಗೆ ಸಂಗೀತ ಒಲಿಯೋಲ್ಲ ಸಾರ್, ಲೆಕ್ಕದ ಟ್ಯೂಷನ್ನಿಗೆ ಹಾಕ್ತೀವಿ” ಎಂದರು. ವಾದ್ಯವನ್ನು ತರಿಸಿ ನೋಡಿದರೆ ಕೊರಳಿನ ಹಿಮ್ಮಡಿಯ ಬಳಿ ಬಿರುಕು, ತಂತಿಗಳು ಮೆಟ್ಟಿಲಿನಿಂದ ಬೆರಳು ತೂರುವಷ್ಟು ಎತ್ತರ. ತಂತಿಯನ್ನು ಅಷ್ಟು ಆಳಕ್ಕೆ ಒತ್ತಿದರೆ ಎಳೆತವೇರಿ ಸ್ವರವೂ ಏರುತ್ತದೆ, ಅಪಸ್ವರವು ಹುಡುಗಿಯದಲ್ಲ. ಅದು ತಿರುಪಿನ ಕೊರಳಾಗಿತ್ತು. ಬೆಂಗಳೂರಿನ ರಿಪೇರಿಯವರೊಬ್ಬರು ತಿರುಪು ಬಿಚ್ಚಿ, ಹಿಮ್ಮಡಿಯ ಬಿರುಕಿಗೆ ಅಂಟು ಹಾಕಿ, ತೆಳುವಾದ ಮರದ ಚಕ್ಕೆಯೊಂದನ್ನಿಟ್ಟು ಕೋನವನ್ನು ಸರಿಪಡಿಸಿ ಮರುದಿನವೇ ಕೊಟ್ಟರು. ಹುಡುಗಿ ಈಗ ನುಡಿಸುತ್ತಿದ್ದಾಳೆ, ಲೆಕ್ಕವನ್ನೂ ಮಾಡುತ್ತಿದ್ದಾಳೆ.

ವಾದ್ಯವನ್ನು ಕೊಳ್ಳಲು ಹೋಗುವ ತಂದೆತಾಯಿಗಳು ಬಣ್ಣ ಹೊಳಪುಗಳಿಗೆ ಮರುಳಾಗದೆ ಒಂದು ಉದ್ದನೆಯ ನೇರ ಪಟ್ಟಿಯನ್ನು ಕೊಂಡೊಯ್ಯಲಿ. ಗಿಟಾರಿನ ಮೆಟ್ಟಿಲುಗಳ ಮೇಲೆ ಅದನ್ನು ಉದ್ದಕ್ಕೆ ಮಲಗಿಸಿದರೆ ಅದರ ತುದಿಯು ಕುದುರೆಯ ಮರದ ಮೇಲಂಚನ್ನು ತಾಗುವಂತಿರಬೇಕು. ಅದಕ್ಕಿಂತ ಬಹಳ ಕೆಳಗೆ ಹೋಗಿ ಕುದುರೆಯ ಎದುರುಮೈಗೆ ಮುಟ್ಟಿದರೆ ಕೊರಳು ಎದ್ದಿದೆಯೆಂದು ತಿಳಿಯಿರಿ. ಹಿಮ್ಮಡಿಯ ಸುತ್ತ ಹೊಳಪಿನ ಲೇಪದಲ್ಲಿ ಗೆರೆ ಬಿರಿದಿದೆಯೇ ನೋಡಿರಿ. ಕೊರಳು ಬಾಗಿದ್ದಕ್ಕೂ ಕೂಡಿಕೆ ಬಿಟ್ಟದ್ದಕ್ಕೂ ಭೇದವಿದೆ: ಕೊರಳಿನೊಳಗೆ ಉಕ್ಕಿನ ಸರಳಿದ್ದರೆ (ಗಿಬ್ಸನ್ ಸಂಸ್ಥೆಗೆ 1923ರಲ್ಲಿ ಇದರ ಹಕ್ಕುಪತ್ರ ದೊರೆಯಿತು) ಅದನ್ನು ತಿರುಗಿಸಿ ಬಾಗನ್ನು ತಿದ್ದಬಹುದು, ಕೂಡಿಕೆಯ ದೋಷಕ್ಕೆ ಆ ಸರಳು ಮದ್ದಲ್ಲ. ಅಂಗಡಿಯಲ್ಲಿ ಸರಳನ್ನೇ ಬಿಗಿದು ಸರಿಹೋಯಿತೆಂದರೆ ನಂಬಬೇಡಿರಿ. ವೀಣೆಯಾದರೆ ದಂಡಿಯ ಬುಡದ ಅಲಂಕಾರದ ಪಟ್ಟಿಯ ಮೇಲೆ ಉಗುರಾಡಿಸಿ ನೋಡುವುದು. ಪಟ್ಟಿಯು ಒಂದು ಕಡೆ ಎದ್ದಿದ್ದರೆ ಕೆಳಗಿನ ಮರ ಅಲುಗಿರುವ ಸಂಭವವುಂಟು.

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೃಷ್ಣಗಿರಿಯು ಅದಕ್ಕಿಂತ ತಗ್ಗು, ಬೇಸಗೆಯಲ್ಲಿ ಬಿಸಿಯೂ ಹೆಚ್ಚು. ಚೈತ್ರ ವೈಶಾಖಗಳಲ್ಲಿ ಸ್ಪರ್ಧೆಗೆಂದು ವಾದ್ಯವನ್ನು ಇಲ್ಲಿಂದ ಅಲ್ಲಿಗೆ ಒಯ್ಯುವಾಗ, ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗುವುದಂತೂ ಕೂಡದು. ಒಳಗಿನ ಬಿಸಿಯು ಅಂಟನ್ನು ಮೆದುಮಾಡಲು ಸಾಕಾಗುತ್ತದೆ, ತಂತಿಗಳು ಎಳೆಯುತ್ತಲೇ ಇರುತ್ತವೆ. ಬಸ್ಸಿನಲ್ಲಾದರೆ ಮೇಲಿನ ಹಲಗೆಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡು, ಹೊರಡುವ ಮುಂಚೆ ಬಿರಡೆಗಳನ್ನು ಒಂದು ಸುತ್ತು ಸಡಿಲಿಸಿರಿ.